ಉಂಡೆಲೆಬೋರೆ

ಸೀಗೆಪುರದ ಬಸ್ ನಿಲ್ದಾಣದಲ್ಲಿ ಇಳಿದು ಪಡುವಲಿಗೆ ತಿರುಗಿ, ಹಳೆಯ ಹಿಟ್ಟಿನ ಗಿರಣಿಯನ್ನು ದಾಟಿ, ಹೊಸ ಬಡಾವಣೆಯ ಕಲ್ಲು ನೆಟ್ಟ ಸೈಟುಗಳ ನಡುವೆ ಸ್ವಲ್ಪ ದೂರ ನಡೆದರೆ ಎದುರಿಗೆ ನೆಲ ಮೆಲ್ಲಗೆ ಏರುತ್ತದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ, ಹೊಲ ಎನ್ನುವಷ್ಟು ಮಟ್ಟಸವೂ ಅಲ್ಲ. ಆ ಸೀಮೆಯವರು ಇಂಥ ಜಾಗವನ್ನು ಬೋರೆ ಎಂದೇ ಕರೆಯುವುದು. ನೆತ್ತಿಯಲ್ಲಿ ಎಮ್ಮೆ ಮಲಗಿದಂತೆ ಒಂದು ಕರಿಬಂಡೆ, ಅದರ ಮಗ್ಗುಲಿಗೆ ಮುದಿ ಹುಣಸೆಮರಗಳು, ಆಚೆ ಇಳುಕಲಿನಲ್ಲಿ ಕೆರೆ. ಊರು ಬೆಳೆದು ಪಟ್ಟಣವಾದ ಮೇಲೆ ಪುರಸಭೆಯವರು ಇಲ್ಲಿ ಜಾರುಬಂಡೆ, ಉಯ್ಯಾಲೆ, ಸಿಮೆಂಟಿನ ಬೆಂಚು ಹಾಕಿಸಿದ್ದಾರೆ. ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿಗಳು ತೇಲುತ್ತವೆ. ಭಾನುವಾರ ಬಂತೆಂದರೆ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು, ಟೆಂಪೋ ಓಡಿಸುವವರು, ಬ್ಯಾಂಕಿನವರು, ಮೇಷ್ಟರುಗಳು, ಎಲ್ಲರೂ ಮಕ್ಕಳುಮರಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು, ಚಾಪೆ ಸುತ್ತಿಕೊಂಡು ಬೋರೆ ಹತ್ತುತ್ತಾರೆ. ಹೊತ್ತು ಇಳಿಯುವವರೆಗೆ ಅಲ್ಲಿ ಚೆಂಡಾಟದ ಗದ್ದಲ, ಕಡಲೆಕಾಯಿಯವನ ಕೂಗು, ಮರಗಳ ಕೆಳಗೆ ಗೊರಕೆ.

ಗೇಟಿನ ಫಲಕದಲ್ಲಿ ಉದ್ಯಾನವನಕ್ಕೆ ಯಾವುದೋ ದೊಡ್ಡ ಹೆಸರು ಬರೆಸಿದ್ದಾರಾದರೂ ಊರವರ ಬಾಯಲ್ಲಿ ಅದು ಉಂಡೆಲೆಬೋರೆಯೇ. ಆಟೋದವನಿಗೆ ಫಲಕದ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಹೊರಗಿನಿಂದ ಬಂದವರು, ಜನ ಇಲ್ಲಿ ಉಂಡು ಎಲೆ ಬಿಸಾಡಿ ಹೋಗುತ್ತಾರಲ್ಲ, ಅದಕ್ಕೇ ಈ ಹೆಸರು ಬಂದಿರಬೇಕೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವುದುಂಟು. ಊರ ಹಿರಿಯರನ್ನು ಕೇಳಿದರೆ ಅವರು ಅಷ್ಟು ಹಗುರವಾಗಿ ಉತ್ತರಿಸುವುದಿಲ್ಲ. ಈ ಬಯಲಿಗೆ ಹೆಸರು ತಂದದ್ದು ಒಂದೇ ಒಂದು ಎಲೆ, ಅದರಲ್ಲಿ ಉಣ್ಣಬೇಕಾದವನು ಅದರ ಮುಂದೆ ಕೂರಲೇ ಇಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಸೀಗೆಪುರ ಇನ್ನೂ ಹುಲ್ಲುಸೂರಿನ ಹಳ್ಳಿಯಾಗಿದ್ದಾಗ, ಒಂದು ಬೇಸಿಗೆಯಲ್ಲಿ ಅಮ್ಮನ ಬೇನೆ, ಎಂದರೆ ಸಿಡುಬು, ಊರೊಳಗೆ ನುಗ್ಗಿತು. ಮೈತುಂಬ ಗುಳ್ಳೆ ಎದ್ದು ಮಕ್ಕಳು ಸಾಯತೊಡಗಿದವು. ಊರ ಯಜಮಾನ ಕರೀಗೌಡನ ಮೊಮ್ಮಗನೂ ಹೋದ. ಆಗ ಹಿರಿಯರೆಲ್ಲ ಕೂತು ಹೊರಬೀಡು ಮಾಡುವುದೆಂದು ತೀರ್ಮಾನಿಸಿದರು. ಹೊರಬೀಡು ಎಂದರೆ ಒಂದು ಹಗಲು ಇಡೀ ಊರು ಊರನ್ನು ಬಿಟ್ಟು ಬಯಲಿಗೆ ಹೋಗುವುದು. ಬೆಳಕು ಹರಿಯುವ ಮೊದಲೇ ಎಲ್ಲ ಒಲೆಯ ಬೆಂಕಿ ಆರಿಸಬೇಕು, ಊರಬಾಗಿಲಿಗೆ ಮುಳ್ಳು ಹಾಕಬೇಕು, ನರಪ್ರಾಣಿಯೊಂದೂ ಒಳಗೆ ಉಳಿಯಬಾರದು. ಹೊಗೆಯಿಲ್ಲದ, ಆಳಿಲ್ಲದ ಊರಿನಲ್ಲಿ ಬೇಸರ ಹಿಡಿದು ಅಮ್ಮ ಎದ್ದು ಹೊರಟುಹೋಗುತ್ತಾಳೆ ಎಂಬ ನಂಬಿಕೆ. ದೀಪ ಹಚ್ಚುವ ಹೊತ್ತಿನ ತನಕ ಯಾರೂ ಹಿಂದಿರುಗುವಂತಿಲ್ಲ. ಬಯಲಿನಲ್ಲಿ ಅಳುವಂತಿಲ್ಲ, ಅತ್ತ ದನಿ ಕೇಳಿದರೆ ಅಮ್ಮ ಬೆನ್ನ ಹಿಂದೆಯೇ ಬರುತ್ತಾಳೆ. ಆದ್ದರಿಂದ ನಿನ್ನೆ ಮಗುವನ್ನು ಮಣ್ಣು ಮಾಡಿದ ತಾಯಿಯೂ ಇಂದು ಉಯ್ಯಾಲೆ ಜೀಕಬೇಕು, ಗಂಡಸರು ಚೌಕಾಬಾರ ಆಡಬೇಕು, ಮಕ್ಕಳು ಮರಕೋತಿ ಆಡಬೇಕು. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಬಿಗಿ: ಆ ದಿನ ಯಾರನ್ನೂ ಹೆಸರು ಹಿಡಿದು ಕರೆಯಕೂಡದು. ಅಮ್ಮನ ಕಿವಿಗೆ ಬಿದ್ದ ಹೆಸರು ಅಮ್ಮನ ಪಾಲು.

ಹೆಸರು ಎತ್ತದೆ ಎಲ್ಲರೂ ಬಂದಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಎಲೆಯೇ ಸಾಕ್ಷಿ. ಆಳಿಗೊಂದರಂತೆ ಮುತ್ತುಗದ ಎಲೆ ಹಾಕಿ ಉಣ್ಣುತ್ತಿದ್ದರು. ಉಂಡ ಮೇಲೆ ಎಲೆ ಮಡಚದೆ, ಎತ್ತದೆ ಹಾಗೆಯೇ ಬಿಡುತ್ತಿದ್ದರು. ಯಜಮಾನ ಬೇವಿನ ಸೊಪ್ಪು ಹಿಡಿದು ಸಾಲುಗಳ ನಡುವೆ ನಡೆಯುತ್ತಿದ್ದ. ಎಲೆಯಲ್ಲಿ ಉಂಡಿದ್ದರೆ ಆಳು ಬಂದಿದೆ. ಊಟವಾದ ಮೇಲೆ ಹಳೆಯ ಗಡಿಗೆಗಳನ್ನೆಲ್ಲ ಬಯಲಿನಲ್ಲೇ ಒಡೆದು, ಸಂಜೆ ಊರಿಗೆ ಹೋದಾಗ ಹೊಸ ಬೆಂಕಿ ಮಾಡಿ ಹೊಸ ಗಡಿಗೆಯಲ್ಲಿ ಹಾಲು ಉಕ್ಕಿಸಬೇಕು. ಹೊಸ ಗಡಿಗೆ ಇಲ್ಲದ ಮನೆಗೆ ಹೊರಬೀಡು ಫಲಿಸುವುದಿಲ್ಲ.

ಮನೆಮನೆಗೂ ಆ ಗಡಿಗೆ ಮಾಡಿಕೊಡಬೇಕಾದವನು ಕುಂಬಾರ ಮುದ್ದಶೆಟ್ಟಿ. ಊರ ಮೂಡಲ ತುದಿಯಲ್ಲಿ ಅವನ ಮನೆ, ಹಿತ್ತಲಲ್ಲಿ ಗಡಿಗೆ ಸುಡುವ ಆವಿಗೆ. ಮನೆಯಲ್ಲಿ ಇದ್ದವರು ಅವನು, ಸೊಸೆ ಕೆಂಪಾಜಿ, ಅವಳ ಸಣ್ಣ ಮಗಳು ಸಾಕಿ. ಮಗ ಕಾಲು ನಿಲ್ಲದ ಆಸಾಮಿ. ಗಡಿಗೆ ತುಂಬಿದ ಗಾಡಿ ಹೊಡೆದುಕೊಂಡು ಸಂತೆಗೆ ಹೋದವನು ಯಾವ ಊರ ನೀರು ಹಿಡಿಸಿತೋ ತಿರುಗಿ ಬರಲಿಲ್ಲ. ಬೇರೆ ಮಾವನಾಗಿದ್ದರೆ ಸೊಸೆಯನ್ನು ತವರಿಗೆ ಅಟ್ಟುತ್ತಿದ್ದ. ಮುದ್ದಶೆಟ್ಟಿ ಅವಳಿಗೆ ತಿಗರಿ ತಿರುಗಿಸಿ ಗಡಿಗೆ ಮಾಡಲು ಕಲಿಸಿದ. ಹೆಂಗಸು ತಿಗರಿ ಮುಟ್ಟುವುದುಂಟೇ ಎಂದು ಆಡಿಕೊಂಡವರಿಗೆ, "ನಿಮ್ಮನೇಲಿ ಅನ್ನ ಬೇಯಿಸೋರು ಯಾರು? ಅವಳು ಮುಟ್ಟದ ಗಡಿಗೇಲಾ?" ಎಂದು ಬಾಯಿ ಮುಚ್ಚಿಸಿದ್ದ. ಸಾಕಿಗೂ ಅದೇ ತಾನೇ ಬೇನೆ ಬಂದು ಇಳಿದಿತ್ತು. ಮೈಮೇಲಿನ ಹಕ್ಕಳೆ ಇನ್ನೂ ಉದುರಿರಲಿಲ್ಲ.

ಹೊರಬೀಡಿನ ಹಿಂದಿನ ದಿನ ಮುದ್ದಶೆಟ್ಟಿ ಆವಿಗೆಗೆ ಬೆಂಕಿ ಕೊಟ್ಟ. ಬೆಳಗಾಗುವಷ್ಟರಲ್ಲಿ ಸುಟ್ಟು ಆರಬೇಕಿತ್ತು. ಆದರೆ ಸಂಜೆ ಬಿದ್ದ ಅಡ್ಡಮಳೆಗೆ ಹುಲ್ಲು, ಬೆರಣಿ ನೆನೆದು ಬೆಂಕಿ ಒಳಗೊಳಗೇ ತೆವಳಿತು. ಮಬ್ಬುಗತ್ತಲಲ್ಲಿ ಕೆಂಪಾಜಿ ಬಂದು ಮೆತ್ತಿದ ಮಣ್ಣಿನ ಮೇಲೆ ಅಂಗೈ ಇಟ್ಟು ನೋಡಿದಾಗ ಕೈ ಚುರ್ರೆಂದಿತು. ನೀರು ಹುಯ್ದರೆ ಗಡಿಗೆಯೆಲ್ಲ ಪಟಪಟ ಸೀಳುತ್ತವೆ, ಸಂಜೆಗೆ ಊರಿಗೇ ಗಡಿಗೆ ಇಲ್ಲ. ಹುಯ್ಯದಿದ್ದರೆ ಊರೊಳಗೆ ಬೆಂಕಿ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಹೊರಬೀಡು ಕೆಟ್ಟಂತೆಯೇ. ಅಷ್ಟರಲ್ಲಿ ಬೀದಿಯಿಂದ ಕರೀಗೌಡನ ದನಿ ಕೇಳಿತು: ಆವಿಗೆ ತಣ್ಣಗಾಗಿದೆಯೇ?

"ತಣ್ಣಗಾಗ್ಯದೆ ಗೌಡ್ರೇ," ಎಂದ ಮುದ್ದಶೆಟ್ಟಿ. ಕರೀಗೌಡ ಮುಂದೆ ಹೋದ ಮೇಲೆ ಸೊಸೆಯ ಕಡೆ ತಿರುಗಿದ. "ನೀನು ಮೊಗೀನ ಕರ್ಕೊಂಡು ನಡೆಯವ್ವ. ನಾನು ಇಲ್ಲೇ ಕುಂತು ಬೂದಿ ಮೆತ್ತಿ ಹೊಗೆ ಕಾಣದಂಗೆ ನೋಡ್ಕತೀನಿ. ಮಧ್ಯಾಹ್ನಕ್ಕೆ ಆರ್‍ತದೆ. ಸಂಜೆ ನೀವು ಬರೋ ಹೊತ್ತಿಗೆ ಮುಳ್ಳಿನ ತಾವ ಬಂದು ಸೇರ್‍ಕತೀನಿ."

"ಊರೊಳಗೆ ಆಳು ಇರಬಾರದಲ್ಲ ಮಾವ."

"ನಾನೊಂದು ಆಳಾ? ಅಮ್ಮ ಬಂದ್ರೆ, ತಾಯಿ, ಒಂದು ಗಡಿಗೆ ತಕ್ಕೊಂಡು ಹೋಗು, ಬೆಲೆ ಆಮೇಲೆ ಮಾತಾಡುವಾ ಅಂತೀನಿ." ಮುದುಕ ನಕ್ಕ. ಆಮೇಲೆ ನಗು ನಿಲ್ಲಿಸಿ, "ನನ್ನ ಎಲೆ ಹಾಕು. ನೀನೇ ಅಷ್ಟು ಉಂಡು ಬುಡು. ಕೆರೆ ಕಡೆ ಹೋಗವ್ರೆ ಅನ್ನು," ಎಂದ.

ಕೆಂಪಾಜಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಊರ ಜೊತೆ ಹೊರಟಳು. ಎಲ್ಲರೂ ದಾಟಿದ ಮೇಲೆ ಊರಬಾಗಿಲಿಗೆ ಕಾರೆಮುಳ್ಳು ಎಳೆದರು. ಬೋರೆಯ ಮೇಲೆ ಕಲ್ಲಿಗೆ ಕಲ್ಲು ಕುಟ್ಟಿ ಹೊಸ ಬೆಂಕಿ ಮಾಡಿ, ಹುಣಸೆಮರಗಳ ಕೆಳಗೆ ಸಾಲು ಒಲೆ ಹೂಡಿದರು. ಕೊಂಬೆಗಳಿಗೆ ಹಗ್ಗ ಬಿದ್ದು ಉಯ್ಯಾಲೆಯಾಯಿತು. ಮಕ್ಕಳಿಗೆ ಅದು ನಿಜವಾದ ಹಬ್ಬ. ಎಷ್ಟೋ ದಿನದಿಂದ ಮನೆಯೊಳಗೆ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ಸಾಕಿ ಬಿಸಿಲಿಗೆ ಬಂದವಳೇ ಕರಿಬಂಡೆಯ ಮೇಲೆ ಅಂಡು ಜಾರಿಸಿ ಆಡತೊಡಗಿದಳು. ದೊಡ್ಡವರು ನಗುತ್ತಿದ್ದರು. ಆ ನಗು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೊರೆಯಂತೆ ಸಾಗುತ್ತಿತ್ತು. ಕರೀಗೌಡ ಚೌಕಾಬಾರದ ಕವಡೆ ಎಸೆಯುತ್ತಿದ್ದ. ಏನು ಬಿತ್ತೆಂದು ನೋಡುತ್ತಿರಲಿಲ್ಲ.

ಊಟದ ಹೊತ್ತಿಗೆ ಕೆಂಪಾಜಿ ಮೂರು ಎಲೆ ಹಾಕಿದಳು. ಮಾವನ ಎಲೆಗೆ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಳು. ಹುಟ್ಟಿದಂದಿನಿಂದ ಹಿರಿಯರ ಎಲೆಯ ಮುಂದೆ ಕೂತವಳಲ್ಲ. ಮಾವ ಉಂಡ ಎಲೆ ಎತ್ತಿ ಗೊತ್ತೇ ಹೊರತು ಅದರಲ್ಲಿ ಕೈ ಇಟ್ಟು ಗೊತ್ತಿಲ್ಲ. ಅತ್ತಿತ್ತ ನೋಡಿ ಬೇಗಬೇಗ ಮುದ್ದೆ ಮುರಿದು ನುಂಗಿದಳು. ಸಾರು ಎಲೆಯ ತುಂಬ ಹರಡಿತು. ಪಕ್ಕದ ಸಾಲಿನ ಅಗಸರ ಲಿಂಗಿ ಕಣ್ಣಂಚಿನಲ್ಲಿ ನೋಡುತ್ತಿದ್ದಳು.

"ಏನವ್ವ, ಎರಡೆಲೆ ಮುದ್ದೆ ಒಬ್ಬಳೇ ಮುಗಿಸ್ತಿದ್ದೀಯ. ಗಂಡ ಕನಸಲ್ಲಿ ಬಂದು ಹೋದ್ನಾ?" ಎಂದಳು ಮೆಲ್ಲಗೆ.

"ಮಾವ ಅರ್ಧಕ್ಕೇ ಎದ್ದು ಕೆರೆ ಕಡೆ ಹೋದ್ರು ಕನಕ್ಕ. ಅನ್ನದ ಋಣ ಚೆಲ್ಲಬಾರದು ಅಂತ ಉಂಡೆ."

ಕರೀಗೌಡ ಬೇವಿನ ಸೊಪ್ಪು ಹಿಡಿದು ಬಂದ. ಮೂರು ಎಲೆಯನ್ನೂ ನೋಡಿದ, ತಲೆಯಾಡಿಸಿದ, ಮುಂದೆ ನಡೆದ. ಗಡಿಗೆ ಒಡೆಯುವ ಸದ್ದು ಬೋರೆಯ ತುಂಬ ಎದ್ದಿತು. ತಾನೇ ತಟ್ಟಿದ ಗಡಿಗೆಗಳು ಬಂಡೆಗೆ ಬಡಿದು ಚೂರಾಗುವುದನ್ನು ನೋಡುತ್ತ ಕೆಂಪಾಜಿ, ಈಗ ಆವಿಗೆ ಆರಿರಬಹುದು, ಮಾವ ಮಣ್ಣು ಕೆರೆಯುತ್ತಿರಬಹುದು ಎಂದುಕೊಂಡಳು.

ಹೊತ್ತು ಬಾಗಿದ ಮೇಲೆ ಗಾಳಿ ಎದ್ದಿತು. ಒಂದು ಸುಳಿಗಾಳಿ ಹೊಲಗಳ ಮೇಲಿನ ಧೂಳು ಎತ್ತಿಕೊಂಡು ಊರಿನ ಕಡೆ ಹಾಯಿತು. ಸ್ವಲ್ಪ ಹೊತ್ತಿಗೆ ಊರ ಮೂಡಲ ತುದಿಯಿಂದ ತೆಳ್ಳನೆಯ ಹೊಗೆ ಎದ್ದದ್ದನ್ನು ಮೊದಲು ಕಂಡವಳು ಕೆಂಪಾಜಿ. ಆವಿಗೆ ಬಿಚ್ಚಿದಾಗ ಹಾಗೆ ಹೊಗೆ ಬರುವುದುಂಟು ಎಂದು ಸುಮ್ಮನಾದಳು. ಹೊಗೆ ದಪ್ಪವಾಯಿತು, ಕಪ್ಪಾಯಿತು, ಹುಲ್ಲುಸೂರು ಉರಿಯುವ ಹೊಗೆಯಾಯಿತು. ಆಗ ಎಲ್ಲರೂ ಕಂಡರು. ಆರಿಸಿ ಬಂದ ಊರಿನಲ್ಲಿ ಬೆಂಕಿ ಎಲ್ಲಿಂದ ಬರಬೇಕು? ಯಾರೋ ಒಬ್ಬರು, "ಅಮ್ಮ ಎದ್ದಳು, ಎದ್ದು ಹೋಯ್ತಾವಳೆ," ಎಂದರು. ಅಷ್ಟು ಸಾಕಾಯಿತು. ಬೆಳಗಿನಿಂದ ಸುಳ್ಳುಸುಳ್ಳೇ ನಕ್ಕಿದ್ದ ಜನ ಆಗ ನಿಜವಾಗಿ ನಕ್ಕರು. ಕೈ ಎತ್ತಿ ಉಘೇ ಉಘೇ ಎಂದರು. ಮಗು ಕಳೆದುಕೊಂಡ ತಾಯಂದಿರು ಅಡ್ಡಬಿದ್ದರು. ಕೆಲವು ಗಂಡಸರಿಗೆ ಮಾತ್ರ ಮನೆ ಸುಡುತ್ತಿದೆ ಎಂಬ ಎಚ್ಚರ ಬಂದು ಇಳುಕಲಿಗೆ ಓಡಿದರು. ಕರೀಗೌಡ ದೊಣ್ಣೆ ಅಡ್ಡ ಹಿಡಿದ.

"ಸುಡಲಿ ಬುಡ್ರಪ್ಪ. ಒಳಗೆ ಒಂದು ನರಪಿಳ್ಳೆ ಇಲ್ಲ. ಮನೆ ಹೋದ್ರೆ ಕಟ್ಕೋಬಹುದು. ನನ್ನ ಮೊಮ್ಮಗನ್ನ ಕಟ್ಟಕಾದದಾ? ದೀಪದ ಹೊತ್ತಿಗೆ ಮೊದ್ಲು ಇಳಿದವನು ಅಮ್ಮನ್ನ ಕೈಹಿಡಿದು ವಾಪಸು ಕರ್ಕೊಂಡು ಬಂದಂಗೆ."

ಊರಿನಲ್ಲಿ ಯಾರೂ ಇಲ್ಲ ಎನ್ನುವುದಾದರೆ ಅದು ನ್ಯಾಯವಾದ ಮಾತೇ. ಇದ್ದಾರೆ ಎಂದು ಬಲ್ಲವಳು ಕೆಂಪಾಜಿ ಒಬ್ಬಳೇ. ಹೇಳಿದರೆ ಹೊರಬೀಡು ಮುರಿಯುತ್ತದೆ. ಊರ ಮಕ್ಕಳಿಗೆಲ್ಲ ತಾನೇ ಮಾರಿ ತಂದಂತೆ. ಬಂಡೆಯ ಮೇಲೆ ಜಾರುತ್ತಿದ್ದ ಸಾಕಿಯ ಮೈಯ ಹಕ್ಕಳೆ ಬಿಸಿಲಿಗೆ ಮಿನುಗುತ್ತಿತ್ತು. ಮಾವನನ್ನು ಹೆಸರು ಹಿಡಿದು ಕೂಗಿದರೆ ಅಮ್ಮನ ಕೈಗೆ ತಾನೇ ಒಪ್ಪಿಸಿದಂತೆ, ಕೂಗದಿದ್ದರೆ ಬೆಂಕಿಗೆ ಒಪ್ಪಿಸಿದಂತೆ. ಮಾವನಿಗೆ ಕಾಲಿದೆ, ಓಡಿ ಹೊರಬರುತ್ತಾರೆ, ಈಗ ಬರುತ್ತಾರೆ ಎಂದು ಊರಬಾಗಿಲ ಕಡೆಯೇ ನೋಡಿದಳು. ಹಾಗೆ ನೋಡುತ್ತ ನಿಂತದ್ದು ಎಷ್ಟು ಹೊತ್ತೋ, ಅದನ್ನು ಅವಳು ಸಾಯುವ ತನಕ ಅಳೆದಳು ಎನ್ನುತ್ತಾರೆ. ಯಾರೂ ಬರಲಿಲ್ಲ. ಎರಡನೆಯ ಕೇರಿಯ ಸೂರೂ ಹತ್ತಿಕೊಂಡಿತು.

"ನಮ್ಮ ಮಾವ ಊರೊಳಗವ್ರೆ," ಎಂದಳು.

ಹತ್ತಿರದವರು ತಿರುಗಿ ನೋಡಿದರು. ಅವಳು ಮತ್ತೆ ಹೇಳಿದಳು. ಆವಿಗೆ ಆರಿರಲಿಲ್ಲ ಎಂದಳು, ಕಾಯಲು ಕೂತರು ಎಂದಳು, ಬಿಡಿ ನನ್ನ ಎಂದಳು. ಕರೀಗೌಡ ಅವಳನ್ನೂ ಸಾಲಿನಲ್ಲಿ ಬಿದ್ದಿದ್ದ ಎಲೆಯನ್ನೂ ನೋಡಿದ.

"ಅಲ್ಲಿ ಉಂಡೆಲೆ ಬಿದ್ದದಲ್ಲವ್ವ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಹೊಗೆ ಕಂಡು ಹೆಣ್ಣು ಹೆದರಿದೆ ಎಂದುಕೊಂಡಿದ್ದ. "ನಾನೇ ನೋಡಿವ್ನಿ. ಮುದ್ದೆ ಮುರಿದದೆ, ಸಾರು ಸುರಿದದೆ. ಕೆರೆ ಕಡೆ ಹೋದ ಅಂತ ನೀನೇ ಅಂದ್ಯಂತೆ. ಬತ್ತಾನೆ, ಕುಂತ್ಕೊ."

"ಅದ ಉಂಡೋಳು ನಾನು."

"ಮಾವನ ಎಲೇಲಿ ಸೊಸೆ ಉಣ್ಣೋದಾ?" ಎಂದು ಯಾರೋ ಹೆಂಗಸು ನಕ್ಕಳು.

ಹೆಸರು ಹಿಡಿದು ಕೂಗಿ ನೋಡುವಂತಿಲ್ಲ. ಇಬ್ಬರನ್ನು ಕೆರೆಯ ಕಡೆ ಓಡಿಸಿದರು. ಅವರು ಏರಿಯುದ್ದಕ್ಕೂ ಹುಡುಕಿ, ಜೊಂಡು ಸರಿಸಿ ನೋಡಿ, ಯಾರೂ ಇಲ್ಲವೆಂದು ಬರುವಷ್ಟರಲ್ಲಿ ಹೊಗೆ ಅರ್ಧ ಆಕಾಶ ಹಿಡಿದಿತ್ತು. ಆಗ ಅಗಸರ ಲಿಂಗಿ ಎದ್ದು ನಿಂತಳು. "ಅವಳು ಅಂದದ್ದು ದಿಟ ಕನ ಗೌಡ್ರೇ. ಆ ಎಲೇಲಿ ಇವಳು ಕೈ ಇಟ್ಟದ್ದ ನಾನು ಕಂಡಿವ್ನಿ. ಆ ಎಲೆ ಮುಂದೆ ಮುದುಕ ಕುಂತದ್ದ ಕಾಣಲಿಲ್ಲ," ಎಂದಳು. ಕರೀಗೌಡನ ಕೈಯ ದೊಣ್ಣೆ ತಗ್ಗಿತು. ಕೆಂಪಾಜಿ ಆಗಲೇ ಇಳುಕಲು ಹಿಡಿದಿದ್ದಳು.

ಕಾರೆಮುಳ್ಳನ್ನು ಕೈಯಲ್ಲೇ ಎಳೆದು ಒಳನುಗ್ಗಿದಳು. ಮೂಡಲ ಕೇರಿ ಬೂದಿಯಾಗಿತ್ತು. ಸುಳಿಗಾಳಿಗೆ ಆವಿಗೆಯ ಮೇಲಿನ ಮಣ್ಣು ಒಂದು ಕಡೆ ಬಾಯಿ ಬಿಟ್ಟು ಕಿಡಿ ಹಾರಿದ್ದು ಅವಳಿಗೆ ನೋಡಿದೊಡನೆ ತಿಳಿಯಿತು. ಆ ಬಾಯಿಗೆ ಮತ್ತೆ ಹಸಿಮಣ್ಣು ಮೆತ್ತಿದ್ದ ಬೆರಳ ಗುರುತೂ ಇತ್ತು. ಮುದುಕ ಬೇಕಾಗಿದ್ದರೆ ಓಡಿಹೋಗಬಹುದಿತ್ತು. ಓಡಿರಲಿಲ್ಲ. ಮೂಡಲ ಕೇರಿಗೂ ನಡುಕೇರಿಗೂ ಮಧ್ಯದ ಎರಡನೆಯ ಕೇರಿಯ ಸೂರನ್ನು ಒಬ್ಬನೇ ಕಿತ್ತು ಎಳೆದು ಬೆಂಕಿಗೆ ದಾರಿ ತಪ್ಪಿಸಲು ನೋಡಿದ್ದ. ಆ ಕೇರಿ ಉಳಿಯಲಿಲ್ಲ, ಅದರಾಚೆಯ ಊರು ಉಳಿಯಿತು. ಕರೀಗೌಡನ ಮನೆಯ ಜಗಲಿಯ ಕೆಳಗೆ, ಕೈಯಲ್ಲಿ ಹುಲ್ಲಿನ ಸಿವುಡು ಹಿಡಿದುಕೊಂಡೇ ಮುದ್ದಶೆಟ್ಟಿ ಬೋರಲು ಬಿದ್ದಿದ್ದ. ಮೈ ಸುಟ್ಟಿರಲಿಲ್ಲ. ಹೊಗೆ ಕುಡಿದು ಉಸಿರು ನಿಂತಿತ್ತು. ಮೈ ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಲಿಂಗಿಯೂ ಓಡಿ ಬಂದಳು. ಇಬ್ಬರೂ ಸೇರಿ ಅವನನ್ನು ಅಂಗಾತ ಮಲಗಿಸಿದರು. ಆಗ ಕೆಂಪಾಜಿ, ಸೊಸೆ ಎಂದೂ ಎತ್ತಬಾರದ ಮಾವನ ಹೆಸರನ್ನು ಹಿಡಿದು, ಅವನ ಕಿವಿಯ ಹತ್ತಿರ ಬಾಗಿ ಕರೆದಳಂತೆ. ಒಮ್ಮೆಯಲ್ಲ, ಲಿಂಗಿ ಅವಳ ಬಾಯಿ ಮುಚ್ಚಿ ಹಿಡಿಯುವ ತನಕ.

ಅಲ್ಲಿಯವರೆಗೆ ಕಟ್ಟಳೆಗೆ ಅಂಜಿ ಬೋರೆಯಲ್ಲೇ ನಿಂತಿದ್ದ ಊರು ದೀಪದ ಹೊತ್ತಿಗೆ ಇಳಿದು ಬಂತು. ಆವಿಗೆ ಆಗ ಆರಿತ್ತು. ಬಿಚ್ಚಿದರೆ ಒಂದು ಗಡಿಗೆಯೂ ಸೀಳಿರಲಿಲ್ಲ. ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತಿದ್ದವು. ಹೆಣವನ್ನು ಒಂದು ಬದಿಗೆ ಮಲಗಿಸಿಕೊಂಡು, ಕೆಂಪಾಜಿಯೇ ಮನೆಗೊಂದರಂತೆ ಎತ್ತಿಕೊಟ್ಟಳು. ಇಸಿದುಕೊಂಡವರು ಅವಳ ಮುಖ ನೋಡಲಿಲ್ಲ. ಉಳಿದ ಮನೆಗಳಲ್ಲೂ, ಮನೆ ಕಳೆದುಕೊಂಡವರ ಬಯಲ ಒಲೆಗಳಲ್ಲೂ ಹಾಲು ಉಕ್ಕಿತು. ಆಮೇಲೆ ಬೇನೆ ನಿಂತಿತು ಎನ್ನುತ್ತಾರೆ. ಇನ್ನೂ ಕೆಲವು ಮಕ್ಕಳನ್ನು ಒಯ್ದ ಮೇಲೆಯೇ ಹೋಯಿತು ಎನ್ನುವವರೂ ಇದ್ದಾರೆ. ಸಾಕಿ ಬದುಕಿದಳು, ಅದರಲ್ಲಿ ಎರಡು ಮಾತಿಲ್ಲ. ಮುದುಕನನ್ನು ಅಮ್ಮನೇ ಬಲಿ ಕೇಳಿದಳು, ಅವನಿಗೊಂದು ಗುಡಿ ಕಟ್ಟೋಣ ಎಂದು ಕರೀಗೌಡ ಮುಂದೆ ಬಂದಾಗ ಕೆಂಪಾಜಿ ಒಪ್ಪಲಿಲ್ಲ. "ಅಮ್ಮ ಕೇಳಲಿಲ್ಲ. ನಾನು ಎಲೆಗೆ ಬಡಿಸಿದೆ, ನೀವು ಎಲೆ ನಂಬಿದ್ರಿ," ಎಂದಳಂತೆ.

ಮರುವರ್ಷ ಬೇನೆಯ ಸುಳಿವಿಲ್ಲದಿದ್ದರೂ ಹೆದರಿದ ಊರು ಮತ್ತೆ ಹೊರಬೀಡು ಮಾಡಿತು. ಬೋರೆಯ ಮೇಲೆ ಎಲೆ ಬಿದ್ದವು. ಬಡಿಸಲು ಸೌಟು ಎತ್ತುವಾಗ ಕೆಂಪಾಜಿ ಎದ್ದು ಬಂದು ಸಾಲಿನ ಮೊದಲಲ್ಲಿ ನಿಂತಳು. ಒಂದೊಂದು ಎಲೆಯ ಮುಂದೆ ಕೂತವರ ತಲೆಯನ್ನೂ ಕೈಯಿಂದ ಮುಟ್ಟುತ್ತ ನಡೆದಳು. ಮುಟ್ಟಿದ ತಲೆಯ ಮುಂದಿನ ಎಲೆಗಷ್ಟೇ ಬಡಿಸಗೊಟ್ಟಳು. ತಲೆಯಿಲ್ಲದ ಎಲೆ ಕಂಡರೆ ಅಲ್ಲಿಯೇ ನಿಂತುಬಿಡುತ್ತಿದ್ದಳು. ಹಿಂದಿನವರ ಹೊಟ್ಟೆ ಎಷ್ಟೇ ಕೂಗಲಿ, ನೀರಿಗೆ ಹೋದವನು ಬಂದು ಕೂರುವ ತನಕ ಸಾಲು ಮುಂದೆ ಸಾಗುತ್ತಿರಲಿಲ್ಲ. ಕರೀಗೌಡನೂ ತಲೆ ಬಾಗಿಸಿ ಮುಟ್ಟಿಸಿಕೊಂಡ. ಕುಂಬಾರರ ಹೆಣ್ಣು ಯಜಮಾನನ ತಲೆ ಮುಟ್ಟಿದ್ದನ್ನು ಯಾರೂ ಆಡಿಕೊಳ್ಳಲಿಲ್ಲ. ಬೋರೆಗೆ ಹೆಸರು ಕಟ್ಟಿದ್ದು ಯಾರೆಂದು ಯಾರಿಗೂ ತಿಳಿಯದು. ಅವಳು ಸತ್ತು ಮಣ್ಣಾಗುವ ಮೊದಲೇ ಅದು ಜನರ ಬಾಯಲ್ಲಿ ನಿಂತಿತ್ತು.

ಸೂಜಿ ಚುಚ್ಚಿಸಿಕೊಳ್ಳುವ ಕಾಲ ಬಂದು ಅಮ್ಮನ ಬೇನೆ ಹೋಯಿತು, ಹೊರಬೀಡು ನಿಂತಿತು. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಬಯಲಿಗೆ ಬರುವ ಕಾಲು ಮಾತ್ರ ನಿಲ್ಲಲಿಲ್ಲ. ಊರು ದೊಡ್ಡದಾದಂತೆ ಅದು ರಜಾದಿನದ ವಾಡಿಕೆಯಾಯಿತು, ಭಾನುವಾರದ ವಾಡಿಕೆಯಾಯಿತು. ಅಳಬಾರದೆಂಬ ಕಟ್ಟಳೆಯನ್ನು ಬಲ್ಲವರು ಈಗ ಯಾರೂ ಇಲ್ಲ. ಉಯ್ಯಾಲೆಯಿಂದ ಬಿದ್ದ ಮಕ್ಕಳು ಧಾರಾಳವಾಗಿ ಅಳುತ್ತವೆ.

ಆದರೂ ಹೋದವರು ಒಂದನ್ನು ಇಂದಿಗೂ ಕಾಣಬಹುದು. ಮೊನ್ನೆಮೊನ್ನೆ ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಜಿಲ್ಲೆಯಿಂದ ಬಂದು ನೆಲೆಸಿದ ಸಂಸಾರವೊಂದು ಹುಣಸೆಮರದ ಕೆಳಗೆ ಚಾಪೆ ಹಾಸಿರುತ್ತದೆ. ಚಿತ್ರಾನ್ನದ ಡಬ್ಬಿ ಬಿಚ್ಚಿದೆ, ಕಾಗದದ ತಟ್ಟೆಗಳು ಹರಡಿವೆ. ಗಂಡ ದೋಣಿಯ ಚೀಟಿಗೆಂದು ಕೆರೆಯ ಕಡೆ ಹೋದವನು ಇನ್ನೂ ಬಂದಿಲ್ಲ. "ಅಪ್ಪನ ತಟ್ಟೆಗೂ ಹಾಕಿಡಮ್ಮ, ಬಂದು ತಿಂತಾರೆ," ಎನ್ನುತ್ತಾಳೆ ಹಸಿದ ಮಗಳು. ತಾಯಿ ಸೌಟು ಹಿಡಿದವಳು ತಡೆಯುತ್ತಾಳೆ. "ಇಲ್ಲಿ ಹಾಗೆ ಹಾಕಲ್ವಂತೆ. ಬಂದು ಕೂತ್ಕೊಳ್ಳಲಿ." ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ, ಕಡಲೆಕಾಯಿಯವನು ಹೇಳಿದ, ಪಕ್ಕದವರೂ ಹಾಗೇ ಮಾಡುತ್ತಿದ್ದರು, ಅಷ್ಟೆ. ಅನ್ನ ಆರುತ್ತದೆ. ಖಾಲಿ ತಟ್ಟೆ ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು ಇಟ್ಟು, ಮಗಳು ಕೆರೆಯ ದಾರಿಯನ್ನೇ ನೋಡುತ್ತ ಕೂರುತ್ತಾಳೆ.